ಹಿಂದಿನ ಕೋಣೆಯ ಡಾಕ್ಟರಮ್ಮ

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಒಂದು ಮದುವೆಮನೆಯಲ್ಲಿ. ಮೈಸೂರಿನಲ್ಲಿ ಅವರ ತಂಗಿಯ ಮನೆಯ ಪಕ್ಕದಲ್ಲಿರುವ ಹೆಂಗಸೊಬ್ಬರು ಊಟಕ್ಕೆ ನನ್ನ ಬದಿಯ ಎಲೆಗೆ ಕೂತಿದ್ದರು. ಮಾತಿಗೆ ಮಾತು ಬಂದು, "ನಮ್ಮ ಪಕ್ಕದ ಮನೇಲಿ ಕಿವಿ ಕೇಳಿಸದ ಒಬ್ಬರು ಅಜ್ಜಿ ಇದ್ದರು ಕಣ್ರೀ, ಹೋದ ತಿಂಗಳು ಹೋಗಿಬಿಟ್ಟರು. ಹಿಂದೆ ಮಂಡ್ಯದಲ್ಲಿ ಡಾಕ್ಟರಾಗಿದ್ದರಂತೆ," ಎಂದರು. ಯಾವ ಡಾಕ್ಟರು ಎಂದು ಕೇಳಿದೆ, ಗೊತ್ತಿದ್ದೂ. ಅದು ಆಕೆಗೆ ತಿಳಿದಿರಲಿಲ್ಲ. ಅವರನ್ನು ಹುಡುಕಿಕೊಂಡು ಯಾರೂ ಬಂದದ್ದನ್ನು ತಾನು ನೋಡಿಲ್ಲ ಎಂದು ಹೇಳಿ, ಬಡಿಸುವವನ ಕಡೆ ತಿರುಗಿ ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.

ಆಸ್ಪತ್ರೆಯಲ್ಲಿದ್ದಾಗಲೂ ಅವರನ್ನು ಹುಡುಕಿಕೊಂಡು ಯಾರೂ ಬರುತ್ತಿರಲಿಲ್ಲ. ಮಂಡ್ಯದಲ್ಲಿ ಆ ಕಾಲಕ್ಕೆ ಹೆಸರಾದ ಡಾಕ್ಟರುಗಳು ಬೇಕಾದಷ್ಟಿದ್ದರು. ಹೆರಿಗೆ ಡಾಕ್ಟರಮ್ಮನಿಗೆ ಜನ ಹೊಸ ಬೆಲ್ಲ ತಂದುಕೊಡುತ್ತಿದ್ದರು. ಸರ್ಜನ್ನರು ಪೇಟೆಬೀದಿಯಲ್ಲಿ ನಡೆದರೆ ಅಂಗಡಿಯವರು ಎದ್ದು ನಿಲ್ಲುತ್ತಿದ್ದರು. ನಮ್ಮ ಡಾಕ್ಟರಮ್ಮ ಎದುರಿಗೆ ಬಂದರೆ ಮಾತ್ರ ಯಾರಿಗೂ ಗುರುತು ಹತ್ತುತ್ತಿರಲಿಲ್ಲ. ರೋಗಿಯ ಮೈಯಿಂದ ತೆಗೆದ ಚೂರು ಅವರ ಬಳಿಗೆ ಬರುತ್ತಿತ್ತೇ ಹೊರತು ರೋಗಿ ಬರುತ್ತಿರಲಿಲ್ಲ. ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕಟ್ಟೆಯ ಪಕ್ಕದ ಉದ್ದನೆಯ ಕೋಣೆಯಲ್ಲಿ ಕೂತು, ಆ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಇಂಥ ರೋಗ ಎಂದು ಹೇಳುವುದು ಅವರ ಕೆಲಸ. ನಾನು ಅಲ್ಲಿಗೆ ಟೆಕ್ನಿಷಿಯನ್ ಆಗಿ ಸೇರಿದ್ದು ಎಪ್ಪತ್ತರ ದಶಕದ ಮೊದಲಲ್ಲಿ. ಯಲಿಯೂರಿನಿಂದ ದಿನಾ ರೈಲಿನಲ್ಲಿ ಬರುತ್ತಿದ್ದೆ. ನನಗಾಗ ಮದುವೆಯಾಗಿರಲಿಲ್ಲ. ಅವರಿಗೆ ನಲವತ್ತರ ಹತ್ತಿರ.

ಮೊದಲ ದಿನ ನಾನು ನಮಸ್ಕಾರ ಹೇಳಿದೆ. ಅವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಇನ್ನೊಮ್ಮೆ ಹೇಳಿದೆ. ಬಹಳ ಗರ್ವದ ಹೆಂಗಸು ಅನ್ನಿಸಿತು. ಆಮೇಲೆ ಜವಾನ ನನ್ನನ್ನು ಮೆಲ್ಲಗೆ ತಳ್ಳಿ ಅವರ ಬಲಗಡೆಗೆ ನಿಲ್ಲಿಸಿದ. "ಆ ಕಡಿಂದ ಗುಂಡು ಆರ್ಸುದ್ರೂ ಕೇಳಕಿಲ್ಲ ಕಣಮ್ಮ. ಈ ಕಡಿಂದ ಮಾತಾಡು," ಎಂದ. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯಲ್ಲಿ ಸ್ವಲ್ಪ ಉಳಿದಿತ್ತು.

ಅದರ ಕತೆಯನ್ನು ಅವರೇ ಒಂದು ದಿನ, ಮೊಸರನ್ನ ಕಲಸುತ್ತ, ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದರು. ವೈದ್ಯಕೀಯ ಓದುತ್ತಿದ್ದಾಗ ಅವರಿಗೆ ಕ್ಷಯ ಬಂತು. ಆಗಿನ ಹೊಸ ಔಷಧಿ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್. ತಿಂಗಳುಗಟ್ಟಲೆ ಚುಚ್ಚಿಸಿಕೊಂಡರು. ಎದೆ ವಾಸಿಯಾಯಿತು, ಕಿವಿ ಹೋಯಿತು. ಜೊತೆಗೆ ನಡಿಗೆಯಲ್ಲಿ ಸಮತೋಲವೂ ತಪ್ಪಿತು. ಬೆಳಕಿದ್ದರೆ ಸರಿಯಾಗಿ ನಡೆಯುತ್ತಿದ್ದರು, ಕತ್ತಲಾದರೆ ಗೋಡೆ ಹಿಡಿದು ನಡೆಯಬೇಕು. ಗೊತ್ತಾಗಿದ್ದ ಮದುವೆ ಕ್ಷಯದ ಹೆಸರಿನಲ್ಲಿ ನಿಂತಿತು. ಸ್ಟೆತಸ್ಕೋಪು ಹಾಕಿಕೊಂಡರೆ ಎದೆಬಡಿತ ಕೇಳಿಸುತ್ತಿರಲಿಲ್ಲವಾದ್ದರಿಂದ ವಾರ್ಡಿನ ಕೆಲಸ ಬಿಟ್ಟು ಸೂಕ್ಷ್ಮದರ್ಶಕಕ್ಕೆ ಬಂದರು. "ಸ್ಲೈಡು ಎರಡನೇ ಸಲ ನೋಡಿದರೆ ಬೇಜಾರು ಮಾಡಿಕೊಳ್ಳಲ್ಲ. ಮನುಷ್ಯರು ಎರಡನೇ ಸಲ ಹೇಳಬೇಕಾದರೆ ಮುಖ ಸಿಂಡರಿಸ್ತಾರೆ," ಎಂದರು.

ಅದು ನಿಜ. ಆಸ್ಪತ್ರೆಯ ಬೇರೆ ಡಾಕ್ಟರುಗಳು ಒಳ್ಳೆಯವರೇ. ಆದರೆ ಟೀ ಕುಡಿಯುವ ಹೊತ್ತಿನಲ್ಲಿ ಒಬ್ಬರು ತಮಾಷೆಯ ಮಾತು ಹೇಳಿ ಎಲ್ಲರೂ ನಕ್ಕಾಗ, ಇವರು "ಏನಂದ್ರಿ?" ಎಂದು ಕೇಳುತ್ತಿದ್ದರು. "ಏನಿಲ್ಲ ಬಿಡಿ ಡಾಕ್ಟ್ರೇ," ಎಂದು ಅವರು ಕೈಯಾಡಿಸುತ್ತಿದ್ದರು. ಕೆಲವು ಸಲ ಹೀಗಾದ ಮೇಲೆ ಇವರು ಟೀಯನ್ನು ಕೋಣೆಗೇ ತರಿಸಿಕೊಳ್ಳತೊಡಗಿದರು. ಬಾಡಿಗೆ ಮನೆ ಆಸ್ಪತ್ರೆಗೆ ಹತ್ತಿರವೇ ಇತ್ತು. ಕತ್ತಲಾಗುವ ಮೊದಲು ಮನೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಬಂದವರು ಬಾಗಿಲು ತಟ್ಟಿದರೆ ಕೇಳಿಸುವುದಿಲ್ಲ. ಹಾಗಾಗಿ ಬರುವವರೂ ನಿಂತುಹೋದರು.

ಭಾನುವಾರ ಬೆಳಿಗ್ಗೆ ಮದ್ದೂರಿಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ವೈದ್ಯನಾಥಪುರಕ್ಕೆ ನಡೆಯುತ್ತಿದ್ದರು. ಒಂದೆರಡು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದರು. ದೇವಸ್ಥಾನದಲ್ಲಿ ಕೈಮುಗಿದು ಬೇಗ ಹೊರಗೆ ಬಂದು ಶಿಂಷಾ ಹೊಳೆಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಚರ್ಮರೋಗದವರು, ಮಕ್ಕಳಿಲ್ಲದವರು, ಹುತ್ತದ ಮಣ್ಣಿಗೆ ಬಂದವರು ಸಾಲಾಗಿ ಒಳಗೆ ಹೋಗುವುದನ್ನು ನೋಡಿ ಒಮ್ಮೆ ಹೇಳಿದರು: "ಇವನೂ ವೈದ್ಯನೇ. ಆದರೆ ಇವನ ಹತ್ತಿರ ಜನ ಬರ್ತಾರೆ."

ಅವರಿಗೆ ಚೂರಿನ ಜೊತೆ ಬರುವ ಚೀಟಿಯ ಮೇಲೆ ಸಿಟ್ಟು. ಅದರಲ್ಲಿ ವಯಸ್ಸು, ಗಂಡೋ ಹೆಣ್ಣೋ, ಯಾವ ಜಾಗದಿಂದ ತೆಗೆದದ್ದು ಅಷ್ಟೇ ಇರುತ್ತಿತ್ತು. ಅಷ್ಟು ಸಾಲದು ಅವರಿಗೆ. ಹೋಗಿ ಕೇಳಿಕೊಂಡು ಬಾ ಎಂದು ನನ್ನನ್ನು ವಾರ್ಡಿಗೆ ಕಳಿಸುತ್ತಿದ್ದರು. ಯಾವೂರು, ಏನು ಕೆಲಸ, ನೋವು ಮೊದಲು ಎಲ್ಲಿ ಶುರುವಾಯಿತು, ಮನೆಯಲ್ಲಿ ಯಾರಿದ್ದಾರೆ. ಕೊನೆಯದು ರೋಗಕ್ಕೆ ಏನು ಸಂಬಂಧ ಎಂದು ಕೇಳಿದೆ. ಏನೂ ಇಲ್ಲ, ಆದರೂ ಕೇಳಿಕೊಂಡು ಬಾ ಎಂದರು. ನಾನು ಬಂದು ಅವರ ಬಲಗಿವಿಯ ಹತ್ತಿರ ಬಗ್ಗಿ ಎಲ್ಲವನ್ನೂ ಹೇಳುತ್ತಿದ್ದೆ. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಆಮೇಲೆ ಆ ಚೂರಿನ ಬಗ್ಗೆ ಮಾತಾಡುವಾಗ "ಪಾಂಡವಪುರದ ಗಾರೆಯವನು", "ಎಮ್ಮೆ ಸಾಕುವ ಅಜ್ಜಿ" ಎಂದೇ ಹೇಳುತ್ತಿದ್ದರು.

ಅವರನ್ನು ನಾನು ಸರಿಯಾಗಿ ಅರಿತದ್ದು ಕೆರಗೋಡಿನ ಹುಡುಗಿ ಮತ್ತು ಮಳವಳ್ಳಿಯ ಟೈಲರ್ ಇಬ್ಬರೂ ಒಂದೇ ಸಮಯದಲ್ಲಿ ಆಸ್ಪತ್ರೆಯಲ್ಲಿದ್ದಾಗ.

ಹುಡುಗಿಯ ಹೆಸರು ಚಿಕ್ಕತಾಯಿ. ಇಪ್ಪತ್ತು ದಾಟಿತ್ತೋ ಇಲ್ಲವೋ. ಗಂಡ ಕಬ್ಬಿನ ಗಾಡಿ ಹೊಡೆಯುತ್ತಿದ್ದ. ಕೈಗೂಸೊಂದಿತ್ತು. ನಾಟಿ ಮಾಡುವಾಗ ಕೆಸರಿನಲ್ಲಿ ಕಾಲು ಊರಲಾಗದೆ ಕೂತುಬಿಡುತ್ತಿದ್ದಳು ಎಂದು ಅತ್ತೆ ಕರೆದುಕೊಂಡು ಬಂದಿದ್ದಳು. ಎಕ್ಸ್‌ರೇಯಲ್ಲಿ ಮೊಣಕಾಲ ಕೆಳಗಿನ ಮೂಳೆಯಲ್ಲಿ ತೂತು, ಹಿಮ್ಮಡಿಯಲ್ಲಿ ತೂತು, ಪಾದದಲ್ಲೂ ತೂತು. ಮಳವಳ್ಳಿಯವರು ಐವತ್ತರ ಹತ್ತಿರದ ಮನುಷ್ಯ, ಬಾಯ್ತುಂಬ ಮಾತು. ಮಿಷನ್ ತುಳಿದು ತುಳಿದು ತೊಡೆ ನೋವು ಬಂದಿದೆ, ಇಷ್ಟಕ್ಕೆಲ್ಲ ಆಸ್ಪತ್ರೆಯ ಅನ್ನ ತಿನ್ನಿಸುತ್ತಿದ್ದೀರಿ ಎಂದು ನರ್ಸುಗಳನ್ನು ನಗಿಸುತ್ತಿದ್ದರು. ಅವರ ತೊಡೆಯ ಮೂಳೆಯಲ್ಲಿ ಇದ್ದದ್ದು ಒಂದೇ ತೂತು.

ಸರ್ಜನ್ನರು ಇಬ್ಬರ ಮೂಳೆಯಿಂದಲೂ ಚೂರು ತೆಗೆದು ಕಳಿಸಿದರು. ಮೂಳೆ ಗಟ್ಟಿ, ಹಾಗೆಯೇ ಕತ್ತರಿಸಲು ಬರುವುದಿಲ್ಲ. ಆಸಿಡ್ಡಿನಲ್ಲಿ ದಿನಗಟ್ಟಲೆ ನೆನೆಸಿ, ಮೆತ್ತಗಾದ ಮೇಲೆ ಮೇಣದಲ್ಲಿ ಕೂರಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಬೇಕು. ಅದು ನನ್ನ ಕೆಲಸ. ಸರ್ಜನ್ನರು ದಿನಾ ಆಳು ಕಳಿಸಿ ಆಯಿತೇ ಎಂದು ಕೇಳುತ್ತಿದ್ದರು. ಅವಸರ ಮಾಡಿದರೆ ಮೂಳೆ ಸುಳ್ಳು ಹೇಳುತ್ತದೆ ಎಂದು ಡಾಕ್ಟರಮ್ಮ ಆಳನ್ನು ವಾಪಸು ಕಳಿಸುತ್ತಿದ್ದರು.

ಸ್ಲೈಡು ತಯಾರಾದ ಮೇಲೆ ಅವರು ಎರಡನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನೂ ಕೂರಿಸಿ ತೋರಿಸಿದರು. ನನಗೆ ಎರಡೂ ಒಂದೇ ಥರ ಕಂಡವು. ಗುಲಾಬಿ ಬಣ್ಣದ ನಡುವೆ ನೀಲಿ ಚುಕ್ಕೆಗಳು, ಅಲ್ಲಲ್ಲಿ ರಕ್ತ ತುಂಬಿದ ಸಣ್ಣ ಸಣ್ಣ ಬಾಯಿಗಳು. ಎರಡೂ ರಕ್ತನಾಳದಿಂದ ಹುಟ್ಟಿದ ಗಡ್ಡೆಗಳೇ ಎಂದರು. ಮೂಳೆಯೊಳಗೆ ಇಂಥವು ಅಪರೂಪ, ಬಂದರೆ ಒಂದರ ವೇಷದಲ್ಲಿ ಇನ್ನೊಂದು ಬರುತ್ತದೆ ಎಂದರು. ಒಂದು ಜಾತಿಯದು ಸಾಧು, ಕೆರೆದು ತೆಗೆದರೆ ಮುಗಿಯಿತು. ಇನ್ನೊಂದು ಕ್ಯಾನ್ಸರು, ಕೈಕಾಲು ತೆಗೆದರೂ ಶ್ವಾಸಕೋಶಕ್ಕೆ ಹತ್ತುತ್ತದೆ. ನಡುವೆ ಮೂರನೆಯದೂ ಇದೆ, ಅದು ಎತ್ತ ತಿರುಗುತ್ತದೋ ಹೇಳಲಾಗದು, ಪುಸ್ತಕ ಬರೆದವರಲ್ಲೇ ಅದರ ಬಗ್ಗೆ ಜಗಳ ಎಂದರು.

ನನ್ನ ಕೈಯಲ್ಲಿ ಬೆಳ್ಳಿಯ ದ್ರಾವಣದ ಬಣ್ಣ ಮಾಡಿಸಿದರು. ಅದು ಹಾಕಿದರೆ ನಾಳಗಳ ಹೊರಗೋಡೆಯ ನಾರು ಕಪ್ಪು ಗೆರೆಯಾಗಿ ಕಾಣುತ್ತದೆ. ಹುಡುಗಿಯ ಸ್ಲೈಡಿನಲ್ಲಿ ಕೋಶಗಳು ಉಬ್ಬಿ ದಪ್ಪಗಾಗಿದ್ದವು. ನೋಡಿದವರು ಹೆದರುವುದು ಅದಕ್ಕೇ. ಆದರೆ ಕಪ್ಪು ಗೆರೆ ಪ್ರತಿ ನಾಳದ ಸುತ್ತಲೂ ಪೂರ್ತಿಯಾಗಿ ಸುತ್ತಿತ್ತು. ನಾಳಗಳು ಗುಂಪು ಗುಂಪಾಗಿ, ಒಂದೊಂದಕ್ಕೂ ಬಾಯಿ ತೆರೆದು, ಅಚ್ಚುಕಟ್ಟಾಗಿ ಕೂತಿದ್ದವು. ಟೈಲರ್ ಅವರದರಲ್ಲಿ ಅಂಚಿನ ಕಡೆ ಎಲ್ಲವೂ ಸೌಮ್ಯವಾಗಿ ಕಂಡರೂ, ಒಳಗೆ ಹೋದಂತೆ ಗೆರೆ ಹರಿದು ಚೂರಾಗಿತ್ತು. ಕೋಶಗಳು ನಾಳದೊಳಗೇ ಒಂದರ ಮೇಲೊಂದು ಪೇರಿಕೊಂಡು, ಒಡೆದು ಎರಡಾಗುತ್ತಿದ್ದವು. ನಡುನಡುವೆ ಸತ್ತ ಜಾಗ.

"ಆ ಹುಡುಗೀದು ಸಾಧು. ಇವರದು ಕ್ಯಾನ್ಸರು," ಎಂದರು. ಎಕ್ಸ್‌ರೇ ಹೇಳಿದ್ದಕ್ಕೆ ಪೂರ್ತಿ ತಿರುಗುಮುರುಗು.

ಸರ್ಜನ್ನರು ತಾವೇ ನಮ್ಮ ಕೋಣೆಗೆ ಬಂದರು. ಕೂಗಾಡುವ ಮನುಷ್ಯರಲ್ಲ ಅವರು. ಇಬ್ಬರ ಎಕ್ಸ್‌ರೇಯನ್ನೂ ಕಿಟಕಿಗೆ ಹಿಡಿದು ತೋರಿಸಿದರು. ಹುಡುಗಿಯ ಕಾಲಿನಲ್ಲಿ ರೋಗ ಆಗಲೇ ಮೂರು ಮೂಳೆಗೆ ಹರಡಿದೆ, ಮೊಣಕಾಲಿನ ಮೇಲೆ ತೆಗೆಯಬೇಕು, ಟೈಲರ್ ಅವರದು ಒಂದೇ ತೂತು, ಕೆರೆದರೆ ಸಾಕು ಎಂದು ತಾವು ಅಂದುಕೊಂಡಿದ್ದಾಗಿ ಹೇಳಿದರು. ಈ ಸಾಧು ಗಡ್ಡೆ ಒಂದೇ ಕಾಲಿನ ಹಲವು ಮೂಳೆಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಬಹುದು, ಅದು ಹರಡಿದ್ದಲ್ಲ ಎಂದು ಡಾಕ್ಟರಮ್ಮ ವಾದಿಸಿದರು. ಸರ್ಜನ್ನರು ನನ್ನ ಕಡೆ ನೋಡದೆ ಕೇಳಿದರು: "ಎರಡೂ ಒಂದೇ ವಾರ ಬಂದದ್ದು. ಸ್ಲೈಡು ಅದಲು ಬದಲಾಗಿಲ್ಲ ತಾನೆ ಡಾಕ್ಟ್ರೇ?"

ಅದಲು ಬದಲಾಗಿಲ್ಲ ಎಂದು ನನಗೆ ಗೊತ್ತಿತ್ತು. ಡಾಕ್ಟರಮ್ಮ ಕೋಪಿಸಿಕೊಳ್ಳಲಿಲ್ಲ. ಕೇಳಬೇಕಾದ ಪ್ರಶ್ನೆಯೇ ಎಂದರು. ಇಬ್ಬರಿಂದಲೂ ಇನ್ನೊಂದು ಚೂರು ತೆಗೆದುಕೊಡಿ, ಬೇರೆ ಬೇರೆ ದಿನ ಕೊಡಿ, ಅದು ಬರುವವರೆಗೆ ಯಾರ ಕಾಲನ್ನೂ ಮುಟ್ಟಬೇಡಿ ಎಂದು ಕೇಳಿಕೊಂಡರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ನಿನ್ನ ಮೇಲೆ ಅನುಮಾನ ಇಲ್ಲಮ್ಮ. ಆದರೆ ನನ್ನ ನಂಬಿಕೆ ಆ ಹುಡುಗೀ ಕಾಲಿಗೆ ಸಾಕಾಗಲ್ಲ," ಎಂದರು.

ಎರಡನೆಯ ಚೂರುಗಳೂ ಅದನ್ನೇ ಹೇಳಿದವು. ಆದರೂ ಅವರಿಗೆ ಸಮಾಧಾನವಿಲ್ಲ. ಸ್ಲೈಡುಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರು. ಅಲ್ಲಿ ಅವರಿಗೆ ಕಲಿಸಿದ ಹಿರಿಯರೊಬ್ಬರಿದ್ದರು. ಸಂಜೆಯೊಳಗೆ ವಾಪಸು ಬಂದವರು ಸ್ಟೇಷನ್ನಿನಿಂದ ಸೀದಾ ಆಸ್ಪತ್ರೆಗೆ ಬಂದು ಕೂತರು. ಎರಡೂ ಕೆಟ್ಟವೇ, ಇಬ್ಬರ ಕಾಲೂ ತೆಗೆಸಿಬಿಡು, ತಪ್ಪಾದರೂ ಜೀವ ಉಳಿಯುತ್ತದೆ ಎಂದಿದ್ದರಂತೆ ಆ ಹಿರಿಯರು. "ಅವರು ಹೇಳಿದ್ದು ನನಗೆ ಸರಿಯಾಗಿ ಕೇಳಿಸ್ತು. ಕೇಳಿಸದೇ ಇದ್ದಿದ್ದರೆ ಚೆನ್ನಾಗಿತ್ತು," ಎಂದರು. ಇನ್ನು ಕೇಳಲು ಯಾರೂ ಉಳಿದಿರಲಿಲ್ಲ. ಆ ವಾರ ಅವರು ಊಟದ ಡಬ್ಬಿಯನ್ನು ತೆರೆಯದೆ ವಾಪಸು ಒಯ್ದದ್ದನ್ನು ನಾನು ಬಹಳ ಸಲ ನೋಡಿದೆ.

ಸರ್ಜನ್ನರಿಗೂ ಮನಸ್ಸು ಗಟ್ಟಿಯಾಗಲಿಲ್ಲ. ಕೊನೆಗೆ ಒಂದು ಮಾತು ಆಡಿದರು, ಅದು ಇವರಿಗೆ ನಾಟಿತು. ನೀವು ಸ್ಲೈಡು ನೋಡಿ ಕಾಲು ಉಳಿಸಿ ಅನ್ನುತ್ತೀರಿ, ನಾಳೆ ಆ ಹುಡುಗಿ ಸತ್ತರೆ ಅವಳ ಮುಖ ನೋಡುವವನು ನಾನು, ನೀವು ಅವಳನ್ನು ನೋಡಿಯೂ ಇಲ್ಲ. ಡಾಕ್ಟರಮ್ಮ ಎದ್ದು, ವಾರ್ಡಿಗೆ ಹೋಗೋಣ ಬಾ ಎಂದು ನನ್ನನ್ನು ಕರೆದರು. ಅವರು ಹೆಂಗಸರ ವಾರ್ಡಿಗೆ ಕಾಲಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಚಿಕ್ಕತಾಯಿ ಮಗುವಿಗೆ ಹಾಲೂಡಿಸುತ್ತ ಗೋಡೆಗೆ ಒರಗಿದ್ದಳು. ಅತ್ತೆ ಮಂಚದ ಕೆಳಗೆ ಕೂತು ಅಡಕೆ ಕುಟ್ಟುತ್ತಿದ್ದಳು. ಗಟ್ಟಿ ಹೆಂಗಸು, ಯಾರ ಮುಲಾಜೂ ಇಲ್ಲ. ಇವರೇ ಗಾಜಿನಲ್ಲಿ ನೋಡುವ ಡಾಕ್ಟರಮ್ಮ ಎಂದು ನಾನು ಹೇಳಿದೆ. ಆಕೆ ಏನೋ ಕೇಳಿದಳು, ಇವರಿಗೆ ಕೇಳಿಸಲಿಲ್ಲ. ನಾನು ಇವರ ಕಿವಿ ತೋರಿಸಿದೆ. ಆಕೆ ಎದ್ದು ಬಂದು, ಸಂಕೋಚವಿಲ್ಲದೆ ಇವರ ಹೆಗಲಿಗೆ ಕೈ ಹಾಕಿ, ಬಲಗಿವಿಗೆ ಬಾಯಿ ಹಚ್ಚಿ ಮಾತಾಡಿದಳು.

"ಕಾಲ್ ತಗೀತೀವಿ ಅಂತವ್ರೆ. ನೀನ್ ಬ್ಯಾಡ ಅಂತಿದ್ದೀಯಂತೆ. ನೀನ್ ಕಂಡಿದ್ದೀಯೇನವ್ವ ಅದ್ನ?"

"ಕಂಡಿದ್ದೀನಿ."

"ಎಂಗದೆ?"

ಡಾಕ್ಟರಮ್ಮ ಯೋಚಿಸಿ ಹೇಳಿದರು: "ನೋಡೋಕೆ ಕೆಟ್ಟದಾಗಿದೆ. ಆದರೆ ಮೇರೆ ಮೀರಿಲ್ಲ. ಬದು ಕಟ್ಟಿದ ಗದ್ದೆ ಹಾಗೆ ಇದೆ. ಕೆರೆದು ತೆಗೆದರೆ ಕಾಲು ಉಳಿಯುತ್ತೆ ಅಂತ ನನಗೆ ಕಾಣುತ್ತೆ." ಮತ್ತೆ ಮುಂದುವರಿಸಿದರು. "ನಾನು ತಪ್ಪಿದ್ದರೆ ನಿಮ್ಮ ಸೊಸೆ ಉಳಿಯಲ್ಲ. ಕಾಲು ತೆಗೆದರೆ ಆ ಭಯ ಕಡಿಮೆ. ಇದನ್ನ ನಿಮಗೆ ಯಾರೂ ಹೇಳಿರಲ್ಲ ಅಂತ ಹೇಳೋಕೆ ಬಂದೆ."

ವಾರ್ಡಿನಲ್ಲಿ ಅಕ್ಕಪಕ್ಕದವರೂ ಮಾತು ನಿಲ್ಲಿಸಿದ್ದರು. ಗಂಡ ಬಾಗಿಲಲ್ಲಿ ಟವಲು ಹಿಂಡುತ್ತ ನಿಂತಿದ್ದ. ಅತ್ತೆ ಅವನ ಕಡೆ ನೋಡಲಿಲ್ಲ. ಸೊಸೆಯ ಕಡೆ ತಿರುಗಿದಳು. "ಕಾಲ್ ನಿಂದು, ಜೀವ ನಿಂದು. ನಾನೇನ್ ಯೋಳ್ಲಿ. ಒಂಟಿ ಕಾಲಾದ್ರೂ ನನ್ ಮನೇಲೇ ಇರ್ತೀಯ, ಅದ್ಕೇನ್ ಎದುರ್ಬ್ಯಾಡ. ನಿಂಗೆಂಗೆ ಅನ್ಸ್ತದೆ ಅಂಗ್ ಯೋಳು."

ಹುಡುಗಿ ಡಾಕ್ಟರಮ್ಮನ ಮುಖವನ್ನೇ ನೋಡಿದಳು, ಬಹಳ ಹೊತ್ತು. ಆಮೇಲೆ ಮಗುವನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು, "ಕೆರುದ್ ಬುಡಿ," ಎಂದಳು.

ಆ ದಿನ ಹಿಂತಿರುಗುವಾಗ ಗಂಡಸರ ವಾರ್ಡಿನ ಬಾಗಿಲು ದಾಟಿಯೇ ಬರಬೇಕಿತ್ತು. ಟೈಲರ್ ಒಳಗೆ ಯಾರಿಗೋ ಕತೆ ಹೇಳುತ್ತಿದ್ದ ಸದ್ದು ನನಗೆ ಕೇಳಿಸಿತು. ಡಾಕ್ಟರಮ್ಮ ಬಾಗಿಲ ಬಳಿ ನಿಂತರು. ಒಳಗೆ ಹೋಗಲಿಲ್ಲ. ಕಾಲು ತೆಗೆಯುವ ವಿಷಯವನ್ನು ಟೈಲರ್‌ಗೆ ಸರ್ಜನ್ನರೇ ಹೇಳಿದರು.

ಸರ್ಜನ್ನರು ದೊಡ್ಡ ಮನುಷ್ಯರು. ಒಪ್ಪಿಕೊಂಡ ಮೇಲೆ ಪೂರ್ತಿ ಒಪ್ಪಿಕೊಂಡರು. ಚಿಕ್ಕತಾಯಿಯ ಮೂಳೆಗಳನ್ನು ಕೆರೆದು, ಸೊಂಟದ ಮೂಳೆಯ ಚೂರುಗಳನ್ನು ತೆಗೆದು ಆ ತೂತುಗಳಿಗೆ ತುಂಬಿ, ಪ್ಲಾಸ್ಟರ್ ಹಾಕಿದರು. ಟೈಲರ್ ಅವರ ಕಾಲನ್ನು ತೊಡೆಯ ಬುಡಕ್ಕೆ ತೆಗೆದರು. ಅವರು ಊರುಗೋಲು ಹಿಡಿದು ಮನೆಗೆ ಹೊರಟಾಗ ನರ್ಸುಗಳೆಲ್ಲ ಗೇಟಿನವರೆಗೆ ಹೋಗಿದ್ದರು. ಅಲ್ಲೂ ಏನೋ ನಗೆಮಾತು ಆಡಿದರಂತೆ. ನಮ್ಮ ಕೋಣೆಯ ಕಿಟಕಿಯಿಂದ ಗೇಟು ಕಾಣುತ್ತಿರಲಿಲ್ಲ.

ಆಮೇಲೆ ಕಾಯುವುದು. ಡಾಕ್ಟರಮ್ಮನಿಗೆ ಕಾಯುವುದು ಗೊತ್ತಿತ್ತು. ಆದರೆ ಇದು ಆಸಿಡ್ಡಿನಲ್ಲಿ ಮೂಳೆ ನೆನೆಯುವುದನ್ನು ಕಾದ ಹಾಗಲ್ಲ. ಹುಡುಗಿ ತೋರಿಸಿಕೊಳ್ಳಲು ಬಂದಾಗಲೆಲ್ಲ ಎಕ್ಸ್‌ರೇ ತರಿಸಿ ನೋಡುತ್ತಿದ್ದರು. ಮೂಳೆ ಕೂಡಿಕೊಳ್ಳುತ್ತಿತ್ತು. ಮರುವರ್ಷ ಅವಳು ಬರುವುದು ನಿಂತಿತು. ಚೆನ್ನಾಗಿದ್ದಾಳೆಂದು ಬರಲಿಲ್ಲವೋ, ಸತ್ತಳೆಂದು ಬರಲಿಲ್ಲವೋ ತಿಳಿಯದು. ದಿನಾ ಬೆಳಿಗ್ಗೆ ನಾನು ಬಂದ ಕೂಡಲೆ, ಕೆರಗೋಡಿನವರು ಯಾರಾದರೂ ಸಿಕ್ಕಿದರಾ ಎಂದು ಕೇಳುತ್ತಿದ್ದರು. ಸಂಕಟ ನೋಡಲಾರದೆ ನಾನೇ ಒಂದು ದಿನ ಹೋಗಿ ನೋಡಿಕೊಂಡು ಬರೋಣ ಎಂದೆ.

ಕೆರಗೋಡಿನ ಬಸ್ಸಿನಲ್ಲಿ ಇಳಿದು ಮನೆ ಕೇಳಿಕೊಂಡು ಹೋದೆವು. ಅತ್ತೆ ಜಗುಲಿಯ ಮೇಲೆ ಕಾಳು ಕೇರುತ್ತಿದ್ದಳು. ನಮ್ಮನ್ನು ಕಂಡವಳೇ ಮೊರ ಕೆಳಗಿಟ್ಟು ಎದ್ದಳು. ಮುಖದ ಬಣ್ಣವೇ ಹೋಯಿತು. ಬನ್ನಿ ಅನ್ನಲಿಲ್ಲ, ಕೂತುಕೊಳ್ಳಿ ಅನ್ನಲಿಲ್ಲ. ಬಾಗಿಲಿಗೆ ಅಡ್ಡ ನಿಂತಳು.

"ಯಾಕ್ ಬಂದೆ? ಗಾಜ್ನಲ್ಲಿ ಇನ್ನೇನ್ ಕಾಣುಸ್ತು?"

ಏನೂ ಇಲ್ಲ, ಸುಮ್ಮನೆ ನೋಡಿಕೊಂಡು ಹೋಗಲು ಬಂದೆವು ಎಂದು ನಾನು ಹೇಳಿದೆ. ಅಷ್ಟು ದೂರದಿಂದ ಡಾಕ್ಟರಮ್ಮ ಸುಮ್ಮನೆ ಬರುವುದು ಆಕೆಗೆ ನಂಬಿಕೆಯಾಗಲಿಲ್ಲ. ನಾನು ಮತ್ತೆ ಮತ್ತೆ ಹೇಳಿದ ಮೇಲೆ ಬಾಗಿಲು ಬಿಟ್ಟು ಸರಿದಳು. ಹುಡುಗಿ ಗದ್ದೆಯಲ್ಲಿದ್ದಾಳೆ ಎಂದು ಕೈ ತೋರಿಸಿದಳು. ಬದುವಿನ ಮೇಲಿಂದ ನೋಡಿದೆವು. ಹೆಂಗಸರು ಸಾಲಾಗಿ ಬಗ್ಗಿ ನಾಟಿ ಹಾಕುತ್ತಿದ್ದರು. ಎಲ್ಲರ ಕಾಲೂ ಮೊಣಕಾಲವರೆಗೆ ಕೆಸರಿನಲ್ಲಿ ಹೂತಿತ್ತು. ಚಿಕ್ಕತಾಯಿ ಯಾವಳೆಂದು ನನಗೂ ತಕ್ಷಣ ಗೊತ್ತಾಗಲಿಲ್ಲ. ಕರೆಯಲಾ ಎಂದು ಅತ್ತೆ ಕೇಳಿದಳು. ಡಾಕ್ಟರಮ್ಮ ಬೇಡ ಎಂದರು. ನಮ್ಮನ್ನು ಕಂಡು ಅವಳೂ ಹೆದರಿದರೆ ಏನು ಗತಿ ಎಂದರು. ಅತ್ತೆ ಬಲವಂತ ಮಾಡಿ ಮಜ್ಜಿಗೆ ಕುಡಿಸಿ, ಮಡಿಲಿಗೆ ಅವರೆಕಾಯಿ ಹಾಕಿ ಕಳಿಸಿದಳು.

ಬಸ್ಸಿಗೆ ಕಾಯುವಾಗ ಅವರು ಸಂತೋಷವಾಗಿಯೇ ಇದ್ದರು. ಆಮೇಲೆ ನಿಧಾನವಾಗಿ ಹೇಳಿದರು: "ನೋಡಿದೆಯಾ, ನಾನು ಬಾಗಿಲಿಗೆ ಬಂದರೆ ಸಾವು ಬಂದ ಹಾಗೆ ಕಾಣುತ್ತೆ ಜನಕ್ಕೆ. ಅದಕ್ಕೇ ನಮ್ಮನ್ನ ಹಿಂದಿನ ಕೋಣೇಲಿ ಇಟ್ಟಿರೋದು." ನಾನು ಏನೋ ಸಮಾಧಾನ ಹೇಳಿದೆ, ಎಡಗಡೆಯಿಂದ. ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳುವಷ್ಟು ಒಳ್ಳೆಯ ಮಾತೂ ಅದಾಗಿರಲಿಲ್ಲ.

ಟೈಲರ್ ತೀರಿಕೊಂಡದ್ದು ಅದಕ್ಕಿಂತ ಮೊದಲೇ. ಕಾಲು ತೆಗೆದು ಒಂದು ವರ್ಷ ಇದ್ದರು, ಆಮೇಲೆ ಶ್ವಾಸಕೋಶಕ್ಕೆ ಹತ್ತಿತು. ಸುದ್ದಿ ತಿಳಿದ ದಿನ ಡಾಕ್ಟರಮ್ಮ ಆ ಮನುಷ್ಯನ ಸ್ಲೈಡುಗಳನ್ನು ಮತ್ತೆ ತೆಗೆದು ನೋಡಿದರು. ಹೇಳಿದ್ದು ಸರಿಯಾಗಿತ್ತು. ಸರಿಯಾಗಿದ್ದರಿಂದ ಯಾರಿಗೂ ಏನೂ ಸಿಗಲಿಲ್ಲ. ಕೊನೆಗೂ ಹೋಗುವ ಜೀವಕ್ಕೆ ಕಾಲು ಬೇರೆ ತೆಗೆಸಿದೆನಲ್ಲ ಎಂದರು. ಕೆರಗೋಡಿಗೆ ಹೋಗಿ ಬಂದ ಮೇಲೆ ಈ ಮಾತು ಇನ್ನೂ ಹೆಚ್ಚಾಯಿತು. ಆ ಹುಡುಗಿಯ ಹತ್ತಿರ ಹೋಗಿ ಹೇಳುವ ಧೈರ್ಯ ಬಂತು, ಒಳ್ಳೆಯ ಸುದ್ದಿ ಇತ್ತಲ್ಲ, ಅದಕ್ಕೆ. ಟೈಲರ್ ಇದ್ದ ವಾರ್ಡಿನ ಬಾಗಿಲಲ್ಲಿ ನಿಂತು ವಾಪಸು ಬಂದೆ ಎಂದು ಎಷ್ಟೋ ಸಲ ಅಂದರು. ಮುಂದಿನ ವರ್ಷ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಹೊರಡುವ ಮುಂಚಿನ ಭಾನುವಾರ, ವೈದ್ಯನಾಥಪುರಕ್ಕೆ ಹೋಗೋಣವೇ ಎಂದು ನಾನು ಕೇಳಿದಾಗ, ಇವತ್ತು ಮಳವಳ್ಳಿಗೆ ಹೋಗೋಣ ಎಂದರು.

ಮಳವಳ್ಳಿಯಲ್ಲಿ ಟೈಲರ್ ಅವರ ಅಂಗಡಿ ಇನ್ನೂ ಇತ್ತು. ಅವರ ಹೆಂಡತಿ ಮಿಷನ್ ತುಳಿಯುತ್ತ ಕೂತಿದ್ದರು. ನಾವು ಆಸ್ಪತ್ರೆಯವರು ಎಂದಷ್ಟೇ ಡಾಕ್ಟರಮ್ಮ ಹೇಳಿದರು. ಯಾವ ಡಾಕ್ಟರು ಎಂದು ಆಕೆ ಕೇಳಲಿಲ್ಲ. ಒಳಗೆ ಕರೆದು, ಬಟ್ಟೆಯ ಗಂಟು ಸರಿಸಿ, ಚಾಪೆ ಹಾಕಿ ಕೂರಿಸಿ ಕಾಫಿ ಕೊಟ್ಟರು. ಆಮೇಲೆ ಗಂಡನ ವಿಷಯ ಮಾತಾಡಲು ಶುರು ಮಾಡಿದರು. ಮೆಲುದನಿಯ ಹೆಂಗಸು. ಡಾಕ್ಟರಮ್ಮನ ಎಡಗಡೆಗೆ ಕೂತಿದ್ದರು. ಜಾಗ ಬದಲಿಸಲು ನಾನು ಎದ್ದೆ. ಡಾಕ್ಟರಮ್ಮ ನನ್ನ ಕೈ ಹಿಡಿದು ಕೂರಿಸಿದರು. ಆಕೆಯ ಮಾತನ್ನು ತಡೆಯುವುದು ಅವರಿಗೆ ಇಷ್ಟವಿರಲಿಲ್ಲ. ಒಂದು ಮಧ್ಯಾಹ್ನವಿಡೀ ಆಕೆ ಮಾತಾಡಿದರು, ಅತ್ತರು, ನಡುವೆ ಒಮ್ಮೆ ನಕ್ಕರು. ಡಾಕ್ಟರಮ್ಮ ಆಕೆಯ ಮುಖದಿಂದ ಕಣ್ಣು ತೆಗೆಯಲಿಲ್ಲ. ಸ್ಲೈಡು ನೋಡುವಾಗ ಹೇಗೆ ಅಲುಗಾಡದೆ ಕೂರುತ್ತಿದ್ದರೋ ಹಾಗೆಯೇ ಕೂತಿದ್ದರು.

ಹೊರಡುವಾಗ ಆಕೆ ಕುಂಕುಮ ಕೊಡಲು ತಾನು ಮುಂದೆ ಬರಬಾರದೆಂದು ಪಕ್ಕದ ಮನೆಯ ಹುಡುಗಿಯ ಕೈಯಲ್ಲಿ ಕೊಡಿಸಿದರು. ಆಮೇಲೆ ಡಾಕ್ಟರಮ್ಮನ ಎರಡೂ ಕೈ ಹಿಡಿದುಕೊಂಡು, "ಎಲ್ಲಾರೂ ಬಂದು ಅವರವರ ಮಾತೇ ಆಡಿ ಓದ್ರು ಕಣಮ್ಮ. ಇಷ್ಟೊತ್ತು ಕೂತು ನನ್ ಮಾತ್ ಕೇಳಿದ್ದು ನೀವೊಬ್ರೇ," ಎಂದರು.

ಬಸ್ಸಿನಲ್ಲಿ ನಾನು ಅವರ ಬಲಗಡೆಗೆ ಕೂತೆ. ಊರು ದಾಟಿದ ಮೇಲೆ ಅವರು ಕೇಳಿದರು: "ಏನು ಹೇಳಿದರು?"

ನಾನು ಮೊದಲಿನಿಂದ ಹೇಳಿದೆ. ಬಸ್ಸಿನ ಸದ್ದಿಗೆ ಕಿವಿಯ ಹತ್ತಿರ ಬಗ್ಗಿ ಕೂಗಿ ಹೇಳಬೇಕಾಯಿತು, ಮುಂದಿನ ಸೀಟಿನವರು ತಿರುಗಿ ನೋಡುತ್ತಿದ್ದರು. ಕಾಲು ಹೋದ ಮೇಲೆ ಟೈಲರ್‌ಗೆ ಮಿಷನ್ ತುಳಿಯಲಾಗಲಿಲ್ಲ. ಅಂಗಡಿಯ ಕಡೆ ಯಾವತ್ತೂ ಬರದಿದ್ದ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಅವರು ಬಟ್ಟೆ ಕತ್ತರಿಸಿ ಕೊಡುವುದು, ಈಕೆ ತುಳಿಯುವುದು. ಮೊದಮೊದಲು ಹೊಲಿಗೆ ಸೊಟ್ಟಗಾದರೆ ರೇಗುತ್ತಿದ್ದರಂತೆ, ಆಮೇಲೆ ನಗುತ್ತಿದ್ದರಂತೆ. ಮದುವೆಯಾದ ಮೇಲೆ ಗಂಡನ ಜೊತೆ ಹಗಲೆಲ್ಲ ಕೂತದ್ದು ಆ ಒಂದು ವರ್ಷವೇ, ಕಾಲಿದ್ದಾಗ ಆ ಮನುಷ್ಯ ಮನೆಯಲ್ಲಿ ನಿಂತವರೇ ಅಲ್ಲ ಎಂದು ಹೇಳುವಾಗಲೇ ಆಕೆ ನಕ್ಕದ್ದು. ಈಗ ಆ ಕೆಲಸದಿಂದಲೇ ಮನೆ ನಡೆಯುತ್ತಿದೆ.

"ಕಾಲು ತೆಗೆದದ್ದಕ್ಕೆ ಬೈದರಾ?"

"ಇಲ್ಲ ಮೇಡಂ. ತೆಗೆಯದೇ ಇದ್ದಿದ್ದರೆ ಅಷ್ಟು ದಿನಾನೂ ಇರ್ತಿರಲಿಲ್ಲ ಅಂತ ಸರ್ಜನ್ನರು ಹೇಳಿದ್ದರಂತೆ."

ಅವರು ಕಿಟಕಿಯ ಕಡೆ ತಿರುಗಿಕೊಂಡರು. ಮದ್ದೂರಿನಲ್ಲಿ ಬಸ್ಸು ನಿಂತು, ವಡೆ ಮಾರುವವರು ಕಿಟಕಿಗೆ ಬಂದು ಕೂಗಿ ಹೋದರು. ಮತ್ತೆ ಬಸ್ಸು ಹೊರಟಿತು. ಬಿಸಿಲು ಇಳಿಯುತ್ತಿತ್ತು, ಕತ್ತಲಾಗುವುದರೊಳಗೆ ಅವರನ್ನು ಮನೆ ಮುಟ್ಟಿಸಬೇಕಲ್ಲ ಎಂದು ನಾನು ಯೋಚಿಸುತ್ತಿದ್ದೆ. ಅವರು ನನ್ನ ಕಡೆ ಬಲಗಿವಿ ಕೊಟ್ಟು ಬಗ್ಗಿದರು.

"ಹೊಲಿಗೆ ಕಲಿಸಿದ್ದು ಇನ್ನೊಂದು ಸಲ ಹೇಳಮ್ಮ," ಎಂದರು.

ಹೇಳಿದೆ.